ಪಂಪಿನ ಪಕ್ಕದ ಕಪ್ಪೆಮೀನು

ಅಕ್ವೇರಿಯಂನ ಪಂಪು ಮತ್ತೆ ಗುಂಯ್‌ಗುಡುತ್ತಿದೆ ಎಂದು ಫೋನ್ ಬಂದಾಗಲೆಲ್ಲ ಪಂಪಣ್ಣ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಗಡ್ಡ ಹೆರೆದುಕೊಳ್ಳುವುದು. ಆಸ್ಪತ್ರೆಯ ಪಂಪಿಗಾಗಲಿ, ಹೋಟೆಲಿನ ಪಂಪಿಗಾಗಲಿ ಈ ಮರ್ಯಾದೆ ಇರಲಿಲ್ಲ. ಅಲ್ಲಿಗೆಲ್ಲ ಗ್ರೀಸ್ ಮೆತ್ತಿದ ಪ್ಯಾಂಟಿನಲ್ಲೇ, ಹೇಗಿದ್ದನೋ ಹಾಗೇ ಹೋಗುತ್ತಿದ್ದ. ಅಕ್ವೇರಿಯಂ ಎಂದರೆ ಮಾತ್ರ ಇಸ್ತ್ರಿ ಮಾಡಿದ ಅಂಗಿ. ಆ ಅಂಗಿ ತೊಟ್ಟುಕೊಂಡು ಪಂಪಿನ ಕೋಣೆಯ ಒದ್ದೆ ನೆಲದ ಮೇಲೆ ಮಲಗಿ, ಬೋಲ್ಟು ಬಿಚ್ಚಿ, ಏನೂ ಕೆಡದ ಬೇರಿಂಗನ್ನು ಹೊರಗೆ ತೆಗೆದು, ಒರೆಸಿ, ಮತ್ತೆ ಒಳಗೆ ಕೂರಿಸಿ ಬರುತ್ತಿದ್ದ.

ಅದು ಕೆಟ್ಟಿಲ್ಲ ಎಂದು ಅವನಿಗೆ ಗೊತ್ತಿತ್ತು. ಮೊದಲ ದಿನವೇ ಗೊತ್ತಾಗಿತ್ತು. ಗುಂಯ್‌ಗುಡುತ್ತಿದ್ದದ್ದು ಪಂಪಲ್ಲ. ಪಂಪಿನ ಕೋಣೆಗೆ ಬೆನ್ನು ಕೊಟ್ಟಿದ್ದ ತೊಟ್ಟಿಯಲ್ಲಿ ಒಂದು ಮಣ್ಣಿನ ಮಡಕೆ ಅಡ್ಡ ಬಿದ್ದಿತ್ತು. ಅದರೊಳಗೆ ಕೂತಿದ್ದ ಕಪ್ಪೆಮೀನು ಗುಂಯ್‌ಗುಡುತ್ತಿತ್ತು.

ಇದು ತಿಳಿಯಲು ಅವನೇನು ಮೀನಿನ ಪಂಡಿತನಲ್ಲ. ಮೀಸೆ ಆಗಷ್ಟೇ ಚಿಗುರುತ್ತಿದ್ದ ಕಾಲದಲ್ಲಿ ಅವನು ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಕಲಿಯುತ್ತಿದ್ದ. ಒಂದು ಸಂಜೆ ಲಂಗರು ಹಾಕಿದ ದೋಣಿಯ ತಳದಿಂದ ಗುಂಯ್ ಎಂದು ಸದ್ದು ಬರತೊಡಗಿತು. ಹೊಸ ಹುರುಪು ನೋಡಿ, ಎಂಜಿನ್ನನ್ನು ಬಿಡಿಬಿಡಿಯಾಗಿ ಬಿಚ್ಚಿ ಹಲಗೆಯ ಮೇಲೆ ಹರವಿಬಿಟ್ಟ. ಸದ್ದು ನಿಲ್ಲಲಿಲ್ಲ. ಅರ್ಧ ಎಂಜಿನ್ ನನ್ನ ಕೈಯಲ್ಲೇ ಇದೆ, ಆದರೂ ಯಾಕೆ ಸದ್ದು ಮಾಡುತ್ತಿದೆ ಎಂದು ತಲೆ ಕೆರೆದುಕೊಳ್ಳುತ್ತಿದ್ದ ಈ ಬುದ್ಧಿವಂತನನ್ನು ನೋಡಿ ದೋಣಿಯ ಯಜಮಾನ ಹೊಟ್ಟೆ ಹುಣ್ಣಾಗುವಂತೆ ನಕ್ಕ.

“ಲೋ, ಅದು ಮೀನು ಕಣೋ. ಗಂಡು. ಕಲ್ಲಿನ ಸಂದೀಲಿ ಮನೆ ಮಾಡ್ಕೊಂಡು, ಗುಡಿಸಿ ಚೊಕ್ಕ ಮಾಡಿ, ಹೆಣ್ಣು ಬರ್ಲಿ ಅಂತ ಕೂಗ್ತಾ ಕೂತಿದೆ.”

“ಎಷ್ಟು ಹೊತ್ತು ಕೂಗುತ್ತೆ?”

“ಅವಳು ಬರೋವರೆಗೂ.”

ಮಾರನೇ ದಿನ ನೀರು ಇಳಿದಾಗ ಅವನು ಕಟ್ಟೆಯ ಕೆಳಗೆ ಕೆಸರಿನಲ್ಲಿ ಹೂತಿದ್ದ ಹಳೆಯ ಬಣ್ಣದ ಡಬ್ಬಿಯೊಳಗೆ ಕೈ ಹಾಕಿದ. ಒಳಗಿದ್ದವನು ಹೆಬ್ಬೆರಳು ಕಚ್ಚಿದ. ಡಬ್ಬಿ ವಾಲಿಸಿ ನೋಡಿದರೆ ಅಗಲ ಬಾಯಿ, ಗಲ್ಲಕ್ಕೆ ಗಡ್ಡದಂತೆ ಜೋತುಬಿದ್ದ ಚರ್ಮದ ಎಳೆಗಳು, ಮೈಯೆಲ್ಲ ಕೆಸರಿನ ಬಣ್ಣ. ಕಪ್ಪೆಗೂ ಮೀನಿಗೂ ಜಗಳವಾಗಿ, ರಾಜಿಯಲ್ಲಿ ಅರ್ಧರ್ಧ ಹಂಚಿಕೊಂಡಂಥ ಮುಖ. ಇಂಥ ಮುಖ ಇಟ್ಟುಕೊಂಡು ಹೆಣ್ಣನ್ನು ಕರೆಯುವ ಧೈರ್ಯ ಇದಕ್ಕೆ ಎಲ್ಲಿಂದ ಬಂತೋ ಎಂದು ಆಗ ಅವನಿಗೆ ನಗು ಬಂದಿತ್ತು. ಈಗ, ತಲೆ ನರೆತ ಮೇಲೆ, ಅದೇ ಧೈರ್ಯವನ್ನು ನೆನೆದು ಹೊಟ್ಟೆಕಿಚ್ಚಾಗುತ್ತಿತ್ತು.

ಅಕ್ವೇರಿಯಂಗೆ ಅವನು ಮೊದಲ ಸಲ ಬಂದದ್ದು ಬೇಸಿಗೆಯ ಆರಂಭದಲ್ಲಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿ ಕಣ್ಣು ಮುಚ್ಚಿದ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳುವ ಹಾಗೆ ಮೆಕ್ಯಾನಿಕ್ಕುಗಳು ಕೇಳುವುದು ಹೀಗೆಯೇ. ಪಂಪಿನ ಆರೋಗ್ಯ ಅವನ ಆರೋಗ್ಯಕ್ಕಿಂತ ಚೆನ್ನಾಗಿತ್ತು. ತುದಿಯನ್ನು ಗೋಡೆಯಲ್ಲಿ ಕೂರಿಸಿದ್ದ ತೊಟ್ಟಿಯ ಕಬ್ಬಿಣದ ಚೌಕಟ್ಟಿಗೆ ಇಟ್ಟ. ಗುಂಯ್ ಎಂಬ ಆ ಹಳೆಯ ದನಿ ನೇರ ತಲೆಯೊಳಗೇ ಮೊಳಗಿತು. ಅರೆ, ನೀನಾ ಎಂದುಕೊಂಡ. ಎದ್ದು ಹೋಗಿ ಮ್ಯಾನೇಜರಿಗೆ ಒಂದು ಮಾತು ಹೇಳಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಆಚೆಯಿಂದ ಹೆಂಗಸಿನ ದನಿ ಕೇಳಿಸಿತು.

“ಬಾರಪ್ಪ ಸಾಹುಕಾರ, ಬಾ. ನಿನ್ನೆ ಕೊಟ್ಟಿದ್ದು ಹಾಗೇ ಬಿಟ್ಟಿದ್ದೀಯ. ಚಿಪ್ಪು ಕಡಿಯೋಕೆ ಸೋಮಾರಿತನ, ಸುಲಿದು ಬಾಯಿಗಿಡಬೇಕು ನಿಂಗೆ. ನಾನೇನು ನಿಮ್ಮನೆ ಸೊಸೆನಾ?”

ಪಂಪಣ್ಣ ಬಾಗಿಲಿನಿಂದ ಇಣುಕಿದ. ಪ್ಲಾಸ್ಟಿಕ್ ಏಪ್ರನ್ ಕಟ್ಟಿಕೊಂಡು, ತೋಳು ಮೊಣಕೈವರೆಗೆ ಮಡಚಿಕೊಂಡು, ಏಣಿಯ ಮೇಲೆ ನಿಂತ ಹೆಂಗಸೊಬ್ಬಳು ಪಕ್ಕದ ತೊಟ್ಟಿಯೊಳಗೆ ಇಕ್ಕಳ ಇಳಿಬಿಟ್ಟಿದ್ದಳು. ನೀರಿನಲ್ಲಿ ದುಂಡನೆಯ, ಚುಕ್ಕೆ ಚುಕ್ಕೆಯ ಉಬ್ಬು ಮೀನು. ಅದು ಬಾಲ ಅಲ್ಲಾಡಿಸುತ್ತ, ಒಂದು ಕಣ್ಣನ್ನು ಆಕೆಯ ಮೇಲೂ ಇನ್ನೊಂದನ್ನು ಊಟದ ಮೇಲೂ ಇಟ್ಟುಕೊಂಡು ಬೈಗುಳವನ್ನೆಲ್ಲ ಕೇಳಿಸಿಕೊಳ್ಳುತ್ತಿತ್ತು. ಬೈದು ಮುಗಿದ ಮೇಲೆ ಆಕೆ ಸುಲಿದದ್ದನ್ನೇ ಅದರ ಬಾಯಿಗಿಟ್ಟಳು.

ಹೆಂಡತಿ ತೀರಿಹೋದ ಮೇಲೆ ಪಂಪಣ್ಣನನ್ನು ಯಾರೂ ಹೀಗೆ ಬೈದಿರಲಿಲ್ಲ. ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು, ಫೋನಿನಲ್ಲಿ ಔಷಧಿ ತಗೊಂಡ್ರಾ ಎಂದು ಕೇಳುತ್ತಿದ್ದಳು, ಅಷ್ಟೆ. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವನು ಒಬ್ಬನೇ ಬೇಯಿಸಿಕೊಂಡು, ಮನುಷ್ಯರ ದನಿ ಇರಲಿ ಎಂದು ರೇಡಿಯೋ ಹಾಕಿಕೊಂಡು ಊಟ ಮಾಡುತ್ತಿದ್ದ. ಆ ಬೈಗುಳ ಕೇಳಿದ್ದೇ ತಡ, ಮ್ಯಾನೇಜರಿಗೆ ಹೇಳಬೇಕಾದ ಮಾತು ಮರೆತೇಹೋಯಿತು.

ಆಕೆ ಏಣಿ ಇಳಿದು ಬಂದಳು. “ಪಂಪಣ್ಣ ಅಂದ್ರೆ ನೀವೇನಾ? ಏನಾಗಿದೆ ಇದಕ್ಕೆ?”

“ಬೇರಿಂಗು,” ಎಂದುಬಿಟ್ಟ ಪಂಪಣ್ಣ. ಬಾಯಿಂದ ಬಂದದ್ದನ್ನು ಅವನ ಕಿವಿಯೇ ನಂಬಲಿಲ್ಲ. “ಒಂದೇ ಸಲಕ್ಕೆ ಸರಿಹೋಗೋದಲ್ಲ. ಆಗಾಗ ಬಂದು ನೋಡ್ಬೇಕಾಗುತ್ತೆ.”

ಆಕೆ ಪಂಪನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. “ಹೌದಾ,” ಎಂದಳು. “ಹಾಗಾದ್ರೆ ಸದ್ದು ಬಂದಾಗೆಲ್ಲ ನಾನೇ ಫೋನ್ ಮಾಡ್ತೀನಿ.”

ಆ ಬೇಸಿಗೆ ಕಪ್ಪೆಮೀನು ಬಿಡುವಿಲ್ಲದೆ ಕೂಗಿತು. ಸಂಜೆ ಜನ ಸೇರುವ ಹೊತ್ತಿಗೆ ಸರಿಯಾಗಿ ಶುರು ಹಚ್ಚಿಕೊಳ್ಳುತ್ತಿತ್ತು. ಮ್ಯಾನೇಜರು ತೊಟ್ಟಿಯಿಂದ ತೊಟ್ಟಿಗೆ ಓಡಾಡುತ್ತ, ‘ಗಾಜು ತಟ್ಟಬೇಡಿ’ ಎಂಬ ಬೋರ್ಡಿನ ಪಕ್ಕದಲ್ಲೇ ಗಾಜು ತಟ್ಟುತ್ತ, “ಜನ ಏನಂದ್ಕೋತಾರೆ, ಬಿಲ್ಡಿಂಗ್ ಬೀಳುತ್ತೆ ಅಂದ್ಕೋತಾರೆ” ಎಂದು ಗೊಣಗುತ್ತಿದ್ದರು. ವರ್ಷದ ಕರಾರು ಇದ್ದದ್ದರಿಂದ ಕರೆದಾಗಲೆಲ್ಲ ಬಂದು ನೋಡುವುದು ಪಂಪಣ್ಣನ ಕರ್ತವ್ಯವೇ ಆಗಿತ್ತು. ಇಷ್ಟು ನಿಷ್ಠೆಯಿಂದ ಕರ್ತವ್ಯ ಮಾಡಿದವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ಒಂದೇ ತೊಂದರೆ. ಅಕ್ವೇರಿಯಂನಲ್ಲಿ ಎಲ್ಲರೂ ಆಕೆಯನ್ನು ಮೀನಕ್ಕ ಎನ್ನುತ್ತಿದ್ದರು. ಮ್ಯಾನೇಜರಿನಿಂದ ಹಿಡಿದು ಟಿಕೆಟ್ ಕೌಂಟರಿನವಳವರೆಗೆ ಆಕೆ ಎಲ್ಲರಿಗೂ ಅಕ್ಕ. ಪಂಪಣ್ಣನಿಗೆ ಮಾತ್ರ ಆ ‘ಅಕ್ಕ’ ಗಂಟಲಿನಿಂದ ಮೇಲಕ್ಕೆ ಬರುತ್ತಿರಲಿಲ್ಲ. ಹಾಗಂತ ಬೇರೆ ಏನಾದರೂ ಕರೆಯುವಷ್ಟು ಎದೆಗಾರಿಕೆಯೂ ಇರಲಿಲ್ಲ. ಆದ್ದರಿಂದ ಅವನು ಆಕೆಯನ್ನು ಏನೆಂದೂ ಕರೆಯದೆ, ಸ್ವಲ್ಪ ಕೆಮ್ಮಿ, ಆಕೆ ತಿರುಗಿದ ಮೇಲೆ ಮಾತಾಡುತ್ತಿದ್ದ. ಆಕೆಯಾದರೋ ಹತ್ತು ಮಾತಿಗೊಮ್ಮೆ “ಪಂಪಣ್ಣ” ಎನ್ನುತ್ತಿದ್ದಳು. ಪ್ರತಿ ಸಲವೂ ಆ ಕೊನೆಯ ‘ಅಣ್ಣ’ ಅವನ ಹೊಟ್ಟೆಗೆ ಗುದ್ದು ಕೊಟ್ಟ ಹಾಗಾಗುತ್ತಿತ್ತು. ನಮ್ಮ ಭಾಷೆಯಲ್ಲಿ ಪರಿಚಯವಾದ ಕೂಡಲೇ ನೆಂಟಸ್ತಿಕೆ ಕಟ್ಟಿಬಿಡುತ್ತೇವೆ, ಆಮೇಲೆ ಬಿಚ್ಚಿಕೊಳ್ಳಲು ದಾರಿ ಇರುವುದಿಲ್ಲ.

ಒಂದು ಮಧ್ಯಾಹ್ನ ಅವನು ಬೋಲ್ಟು ಬಿಚ್ಚುತ್ತಿರುವಾಗ ಆಕೆ ಬಕೆಟ್ ಹಿಡಿದು ಬಂದಳು. “ಪಂಪಣ್ಣ, ಒಂದು ಉಪಕಾರ ಆಗ್ಬೇಕಲ್ಲ. ಸಾಹುಕಾರನ ಹಲ್ಲು ಕತ್ತರಿಸ್ಬೇಕು. ಕೌಂಟರಿನವಳು ಹಿಡ್ಕೋತಿದ್ಲು, ಇವತ್ತು ರಜ.”

“ಮೀನಿನ ಹಲ್ಲಾ?”

“ಇದರ ಹಲ್ಲು ನಮ್ಮ ಉಗುರಿನ ಹಾಗೆ, ಬೆಳೀತಾನೇ ಇರುತ್ತೆ. ಸಮುದ್ರದಲ್ಲಿ ಚಿಪ್ಪು ಕಡಿದು ಕಡಿದು ಸವೆದುಹೋಗುತ್ತೆ. ಇಲ್ಲಿ ಇವನಿಗೆ ಕೂತಲ್ಲಿ ಊಟ. ಕತ್ತರಿಸದಿದ್ರೆ ಬಾಯಿ ತೆಗೆಯೋಕಾಗ್ದೆ ಉಪವಾಸ ಸಾಯ್ತಾನೆ.”

ಬಕೆಟ್ಟಿನ ನೀರಿಗೆ ಆಕೆ ಲವಂಗದ ಎಣ್ಣೆಯ ಹನಿ ಬೆರೆಸಿದಳು. ಅದು ಮೀನಿಗೆ ಮಂಪರು ಬರಿಸುತ್ತದಂತೆ. ಹಲ್ಲಿನ ಕೆಲಸವೆಂದರೆ ಮೀನಿಗೂ ಲವಂಗವೇ ಗತಿ ಎಂದು ಪಂಪಣ್ಣ ನಗಲು ಹೋದ. ಆಕೆ ನೀರಿನೊಳಗೇ ಸಾಹುಕಾರನನ್ನು ಅವನ ಕೈಗೆ ದಾಟಿಸಿದಳು. ಆಕೆಯ ಬೆರಳು ಅವನ ಬೆರಳಿಗೆ ತಾಗಿದವು. ಅಷ್ಟಕ್ಕೇ ಪಂಪು ಬಿಚ್ಚಿ ಬಿಚ್ಚಿ ಪಳಗಿದ ಆ ಕೈ ಮೀನನ್ನು ಬಿಗಿಯಾಗಿ ಅಮುಕಿತು. ಸಾಹುಕಾರ ಗಟಗಟನೆ ನೀರು ಕುಡಿದು, ಅಂಗೈಯಲ್ಲಿ ಹಿಡಿಸದಷ್ಟು ದೊಡ್ಡ ಚೆಂಡಾಗಿ, ಮೈಯ ಸಣ್ಣ ಮುಳ್ಳುಗಳನ್ನೆಲ್ಲ ನಿಮಿರಿಸಿಕೊಂಡು ಕೂತುಬಿಟ್ಟ.

“ಅಯ್ಯೋ, ಎತ್ತಬೇಡಿ!” ಆಕೆ ಅವನ ಮಣಿಕಟ್ಟು ಹಿಡಿದು ನೀರಿನಲ್ಲೇ ತಡೆದಳು. “ನೀರಲ್ಲೇ ಇರ್ಲಿ. ಅವನಾಗೇ ಇಳಿಸ್ಕೊಳ್ಳೋವರೆಗೂ ಕಾಯ್ಬೇಕು.”

ಇಬ್ಬರೂ ಬಕೆಟ್ಟಿನ ಎರಡು ಕಡೆ ಕುಕ್ಕರುಗಾಲಿನಲ್ಲಿ ಕೂತು ಕಾದರು. ಪಕ್ಕದ ತೊಟ್ಟಿಯಲ್ಲಿ ಕಪ್ಪೆಮೀನು ಗುಂಯ್ ಎನ್ನುತ್ತಿತ್ತು. ಪಂಪು ಬಿಚ್ಚಿ ನೆಲದ ಮೇಲೆ ಬಿದ್ದಿದೆ, ಸದ್ದು ಹಾಗೇ ಇದೆ. ಈಗೇನಾದರೂ ಇವಳು ಕೇಳಿದರೆ ಏನು ಹೇಳಲಿ ಎಂದು ಪಂಪಣ್ಣನ ಬೆನ್ನಿನಲ್ಲಿ ಬೆವರಿಳಿಯಿತು. ಆಕೆ ಅದನ್ನು ಕೇಳಲಿಲ್ಲ.

“ಚಿಕ್ಕವಳಿದ್ದಾಗ ನಮ್ಮ ಮನೆ ಸಮುದ್ರದ ದಂಡೇಲಿತ್ತು,” ಎಂದಳು. “ಬಲೇಲಿ ಬೇಡದ ಮೀನಿನ ಜೊತೆ ಇವೂ ಬರ್ತಿದ್ವು. ಮರಳಿನ ಮೇಲೆ ಎಸೆದ್ರೆ ಗಾಳಿ ಕುಡಿದು ಉಬ್ಬೋವು. ನಾವೆಲ್ಲ ಚೆಂಡು ಅಂತ ಒದೀತಿದ್ವಿ. ಒಂದನ್ನ ನಾನು ವಾಪಸ್ ನೀರಿಗೆ ಬಿಟ್ಟೆ. ಮುಳುಗೋಕೇ ಆಗ್ಲಿಲ್ಲ ಅದಕ್ಕೆ, ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಾ ಇತ್ತು. ನೀರು ಕುಡಿದ್ರೆ ಉಗಿದುಬಿಡುತ್ತೆ, ಗಾಳಿ ಕುಡಿದ್ರೆ ಹೊರಗೆ ಹಾಕೋಕೆ ಬರಲ್ಲ ಅಂತ ಅಪ್ಪ ಹೇಳಿದ್ರು. ಒಳಗೆ ತುಂಬ್ಕೊಂಡಿದ್ದನ್ನ ಹೊರಗೆ ಬಿಡೋಕಾಗ್ದೆ ಸತ್ತುಹೋಯ್ತು ಪಾಪ.”

ಪಂಪಣ್ಣ ಏನೋ ಹೇಳಬೇಕೆಂದುಕೊಂಡ. ಕೆಮ್ಮಿದ. “ಈಗ ಮನೆ ಎಲ್ಲಿ?” ಎಂದಷ್ಟೇ ಕೇಳಿದ.

“ತಮ್ಮನ ಮನೆ. ಎಲ್ಲರೂ ಟೀವಿ ನೋಡಿ ಎದ್ದ ಮೇಲೆ ನಡುಮನೇಲೇ ನನ್ನ ಹಾಸಿಗೆ. ಮದುವೆ ಆಗಿತ್ತು, ಆಗಿ ಮುಗೀತು. ಅವರಿಗೆ ಬೇರೆ ಸಂಸಾರ ಇದೆ ಈಗ.” ಆಕೆ ಮೀನಿನ ಮೇಲಿಂದ ಕಣ್ಣೆತ್ತಿದಳು. “ನಿಮಗೆ?”

“ಅವಳು ಹೋಗಿ ಬಹಳ ವರ್ಷ ಆಯ್ತು. ಮನೆ ದೊಡ್ಡದೇ ಇದೆ. ಎರಡು ಕೋಣೆ. ಕಿಟಕಿ ಇದೆ.”

ಕಿಟಕಿಯ ವಿಷಯ ಯಾಕೆ ಹೇಳಿದೆನೋ ಎಂದು ಅವನು ನಾಲಿಗೆ ಕಚ್ಚಿಕೊಂಡ. ಆಕೆ ಮುಂದಿನ ಮಾತಿಗೆ ಕಾಯುವವಳಂತೆ ಅವನನ್ನೇ ನೋಡುತ್ತ ಕೂತಿದ್ದಳು. ಅವನು ಬಕೆಟ್ಟಿನೊಳಗೆ ಕಣ್ಣು ನೆಟ್ಟ. ಸಾಹುಕಾರ ಪುಸಕ್ಕನೆ ನೀರು ಉಗಿದು, ಇಳಿದು, ಮಂಪರಿನಲ್ಲಿ ವಾಲಿದ. ಆಕೆ ಪುಟ್ಟ ಕತ್ತರಿ ತೆಗೆದುಕೊಂಡು ಟಕ್ ಟಕ್ ಎಂದು ಹಲ್ಲಿನ ತುದಿ ಕತ್ತರಿಸಿದಳು. ಪಂಪಣ್ಣ ಅದನ್ನು ಹಿಡಿದುಕೊಂಡಿದ್ದ. ಈ ಕೆಲಸ ಸಂಜೆಯವರೆಗೂ ಮುಗಿಯದಿರಲಿ ಎಂದು ಅವನ ಜೀವ ಹಂಬಲಿಸಿತು. ಆದರೆ ಮೀನಿನ ಬಾಯಿ ಎಷ್ಟಗಲ ಇರುತ್ತದೆ? ಬೇಗ ಮುಗಿದುಹೋಯಿತು.

ಅದಾದ ಸ್ವಲ್ಪ ದಿನಕ್ಕೆ ಮ್ಯಾನೇಜರೇ ಫೋನ್ ಮಾಡಿದರು. “ಪಂಪಣ್ಣ, ನಿಮ್ಮ ಕೈಗೆ ಚಿನ್ನದ ಕಡಗ ತೊಡಿಸ್ಬೇಕು! ಸದ್ದು ಪೂರ್ತಿ ನಿಂತಿದೆ. ಒಂದು ಚೂರೂ ಇಲ್ಲ!”

ಅವನಿಗೆ ಅರ್ಥವಾಗಲಿಲ್ಲ. ಪಂಪು ನೋಡುವ ನೆಪದಲ್ಲಿ ಹೋದ. ಕಪ್ಪೆಮೀನಿನ ತೊಟ್ಟಿಯಲ್ಲಿ ಎರಡನೆಯದೊಂದು ಬಂದಿತ್ತು. ಯಾರೋ ಮೀನುಗಾರರು ತಂದುಕೊಟ್ಟರಂತೆ, ಜೋಡಿ ಇದ್ದರೆ ತೊಟ್ಟಿ ತುಂಬಿದ ಹಾಗೆ ಕಾಣುತ್ತದೆ ಎಂದು ಮ್ಯಾನೇಜರು ಗಾಜು ತಟ್ಟಿ ತೋರಿಸಿದರು. ಗಂಡು ಮಡಕೆಯೊಳಗೆ ಮುಖ ಹೊರಗಿಟ್ಟುಕೊಂಡು ಗಪ್‌ಚಿಪ್ಪಾಗಿ ಕೂತಿತ್ತು. ಅದರ ಕೂಗು ಫಲಿಸಿತ್ತು. ಮೀನಕ್ಕ ದೂರದ ತೊಟ್ಟಿಯ ಏಣಿಯ ಮೇಲಿದ್ದಳು. ಇಳಿದು ಬರಲಿಲ್ಲ. ಅಲ್ಲಿಂದಲೇ ನೋಡಿದಳು.

“ಇನ್ನೇನು, ನಿಮಗೆ ತೊಂದರೆ ಕೊಡೋದಿಲ್ಲ ಬಿಡಿ,” ಎಂದರು ಮ್ಯಾನೇಜರು, ಮಾಡದ ಕೆಲಸಕ್ಕೆ ಬೆನ್ನು ತಟ್ಟಿ. ಪಂಪಣ್ಣ ಹಲ್ಲು ಕಿರಿದು, ಚೀಲ ಎತ್ತಿಕೊಂಡು, ಇಂಗು ತಿಂದ ಮಂಗನ ಹಾಗೆ ಹೊರಗೆ ಬಂದ.

ಆಮೇಲಿನ ದಿನಗಳನ್ನು ಹೇಗೆ ಹೇಳುವುದು? ಅವನು ಕೆಲಸಕ್ಕೆ ಹೋದ, ಬಂದ, ಬೇಯಿಸಿಕೊಂಡ. ಫೋನ್ ಬಂದರೆ ಓಡಿಹೋಗಿ ಎತ್ತುತ್ತಿದ್ದ, ಆಸ್ಪತ್ರೆಯವರೆಂದು ತಿಳಿದು ತಣ್ಣಗಾಗುತ್ತಿದ್ದ. ಮನೆಯ ಹಳೆಯ ಫ್ರಿಜ್ಜು ಗುಂಯ್ ಎಂದಾಗಲೆಲ್ಲ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ರೇಡಿಯೋದಲ್ಲಿ ಮಾತಾಡುವವರು ಯಾರನ್ನೂ ಬೈಯುತ್ತಿರಲಿಲ್ಲ. ಸಾಹುಕಾರನ ಹಲ್ಲು ಮತ್ತೆ ಬೆಳೆದಿರಬಹುದು, ಈಗ ಯಾರು ಹಿಡಿದುಕೊಳ್ಳುತ್ತಿದ್ದಾರೋ ಎಂದು ಯೋಚಿಸುತ್ತ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದ. ಅವನಿಗೆ ಆಕೆ ಬೇಕಾಗಿತ್ತು. ಇಷ್ಟು ಸರಳ ಮಾತನ್ನು ಒಬ್ಬನೇ ಇರುವಾಗಲೂ ಬಾಯಿಬಿಟ್ಟು ಹೇಳಿಕೊಳ್ಳಲು ಅವನಿಗೆ ನಾಚಿಕೆ.

ಅಕ್ವೇರಿಯಂ ಎನ್ನುವುದು ಟಿಕೆಟ್ ಕೊಂಡ ಯಾರು ಬೇಕಾದರೂ ಹೋಗಬಹುದಾದ ಜಾಗ ಎಂದು ಈ ಮಹಾನುಭಾವನಿಗೆ ಹೊಳೆಯಲು ತಿಂಗಳೇ ಹಿಡಿಯಿತು. ಹೊಳೆದ ದಿನ ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು, ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡ. ಬಾಗಿಲವರೆಗೂ ಹೋದ. ಅಲ್ಲಿ ಕಾಲು ನಿಂತುಬಿಟ್ಟವು. ಕೈಯಲ್ಲಿ ಚೀಲ ಇರಲಿಲ್ಲ. ಆ ಖಾಲಿ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಏನು ಕೆಟ್ಟಿದೆ ಎಂದು ಬಂದಿರಿ ಎಂದು ಆಕೆ ಕೇಳಿದರೆ? ಹಿಂದೆ ನಿಂತವರು, “ಹೋಗ್ರೀ ಮುಂದೆ” ಎಂದರು. ಅವನು ಮುಂದೆ ಹೋಗುವ ಬದಲು ಹಿಂದೆ ತಿರುಗಿ, ಟಿಕೆಟ್ಟನ್ನು ಜೇಬಿಗಿಟ್ಟುಕೊಂಡು, ಸರಸರನೆ ಮನೆಗೆ ನಡೆದ. ಆ ಸಂಜೆ ರೇಡಿಯೋ ಹಾಕಲಿಲ್ಲ. ತನ್ನ ಮೇಲೆ ತನಗೇ ಅಷ್ಟು ಸಿಟ್ಟು ಬಂದಿತ್ತು.

ಎರಡು ದಿನ ಬಿಟ್ಟು ಫೋನ್ ಬಂತು.

“ರೀ,” ಎಂದಿತು ಆಚೆಯ ದನಿ. “ಸದ್ದು ಮತ್ತೆ ಶುರುವಾಗಿದೆ. ಬನ್ನಿ.”

ಫೋನ್ ಇಟ್ಟ ಮೇಲೆ ಅವನಿಗೆ ಹೊಳೆಯಿತು. ಪಂಪಣ್ಣ ಎನ್ನಲಿಲ್ಲ. ‘ರೀ’ ಎಂದಳು. ಅಣ್ಣ ಇರಲಿಲ್ಲ. ಗಡ್ಡ ಹೆರೆಯುವಾಗ ಎರಡು ಕಡೆ ಕೊಯ್ದುಕೊಂಡ.

ಹೋದವನೇ ಪಂಪಿನ ಕೋಣೆಯಲ್ಲಿ ಮಂಡಿಯೂರಿ ಸ್ಕ್ರೂಡ್ರೈವರನ್ನು ಪಂಪಿಗಿಟ್ಟ. ಪಂಪು ಸೊಗಸಾಗಿ ತಿರುಗುತ್ತಿತ್ತು. ತೊಟ್ಟಿಯ ಚೌಕಟ್ಟಿಗಿಟ್ಟ. ನೀರು ಹರಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಮತ್ತೆ ಪಂಪಿಗಿಟ್ಟ, ಮತ್ತೆ ಚೌಕಟ್ಟಿಗಿಟ್ಟ. ತಲೆ ಎತ್ತಿದರೆ ಬಾಗಿಲಲ್ಲಿ ಆಕೆ ನಿಂತಿದ್ದಳು.

“ಸದ್ದು ಇಲ್ಲವಲ್ಲ,” ಎಂದ.

“ಇಲ್ಲ,” ಎಂದಳು.

“ಫೋನಲ್ಲಿ ಇದೆ ಅಂದ್ರಿ.”

“ಸುಳ್ಳು ಹೇಳ್ದೆ. ನೀವು ಬೇಸಿಗೆ ಪೂರ್ತಿ ಹೇಳಿದ್ರಿ. ನಾನು ಒಂದು ಸಲ ಹೇಳ್ಬಾರ್ದಾ?”

ಪಂಪಣ್ಣನ ಮುಖ ಬಿಳುಚಿಕೊಂಡಿತು. ಆಕೆ ಒಳಗೆ ಬಂದು, ತೊಟ್ಟಿಯ ಹಿಂಬದಿಯ ಗಾಜಿಗೆ ಒಂದು ಟಾರ್ಚು ಹಿಡಿದು ಮಡಕೆಯೊಳಕ್ಕೆ ಬೆಳಕು ಬಿಟ್ಟಳು. ಮಡಕೆಯ ಮೇಲ್ಭಾಗಕ್ಕೆ ಹಳದಿ ಮೊಟ್ಟೆಗಳು ಅಂಟಿಕೊಂಡಿದ್ದವು. ಗಂಡು ಅವುಗಳ ಕೆಳಗೆ ಕೂತು ಈಜುರೆಕ್ಕೆಯಿಂದ ನೀರು ಬೀಸುತ್ತ, ಬೆಳಕಿಗೆ ಬಾಯಿ ತೆರೆದು ಹೆದರಿಸಿತು.

“ದಿನಾ ಊಟ ಹಾಕೋಳು ನಾನು. ಇವನ ದನಿ ನಂಗೆ ಗೊತ್ತಾಗಲ್ವಾ?” ಎಂದಳು. “ಮ್ಯಾನೇಜರು ಪಂಪು ಪಂಪು ಅಂತ ನಿಮ್ಮನ್ನ ಕರೆಸಿದ್ರು. ನೀವು ಬೇರಿಂಗು ಅಂದ್ರಿ. ಪಾಪ, ಇವರಿಗೆ ಕೆಲಸ ಬರಲ್ಲ ಅಂದ್ಕೊಂಡೆ ಮೊದಲು.”

“ಆಮೇಲೆ?”

“ಎರಡನೇ ಸಲ ಅಂಗಿ ನೋಡ್ದೆ. ಗ್ರೀಸ್ ಕೆಲಸಕ್ಕೆ ಯಾರ್ರೀ ಇಸ್ತ್ರಿ ಅಂಗಿ ಹಾಕ್ಕೊಂಡು ಬರ್ತಾರೆ?”

ಅವನು ತನ್ನ ಅಂಗಿಯನ್ನೇ ನೋಡಿಕೊಂಡ. ಆಕೆ ಟಾರ್ಚು ಆರಿಸಿದಳು. ನಗು ಮುಖದಿಂದ ಹೋಗಿತ್ತು.

“ಈ ಹೆಣ್ಣು ಮೀನು ತರಿಸಿದ್ದು ನಾನೇ. ಹೊಟ್ಟೆ ತುಂಬ ಮೊಟ್ಟೆ ಇರೋದೇ ಬೇಕು ಅಂತ ಹೇಳಿ ತರಿಸ್ದೆ. ಎಷ್ಟು ದಿನ ಅಂತ ನೀವು ಬೇರಿಂಗ್ ಒರೆಸ್ತೀರ, ನಾನು ನೋಡ್ತಾ ನಿಲ್ಲಲಿ? ಇವನು ಬಾಯಿ ಮುಚ್ಚಿದ್ರೆ ನೀವು ಬಾಯಿ ಬಿಡ್ತೀರೇನೋ, ನೆಪ ಇಲ್ದೇನೂ ಬರ್ತೀರೇನೋ ಅಂದ್ಕೊಂಡೆ. ದಿನಾ ಬಾಗಿಲು ನೋಡ್ತಿದ್ದೆ.” ಆಕೆ ಟಾರ್ಚನ್ನು ಏಪ್ರನ್ನಿನ ಜೇಬಿಗೆ ತುರುಕಿದಳು. “ನೀವು ಬರಲಿಲ್ಲ. ಟಿಕೆಟ್ ತಗೊಂಡು ಬಾಗಿಲಿಂದ ವಾಪಸ್ ಹೋದ್ರು ಅಂತ ಕೌಂಟರಿನವಳು ಬಂದು ಹೇಳಿದ್ಲು. ಅವಳು ತಮಾಷೆ ಅಂತ ಹೇಳಿದ್ದು. ನಾನು ಬಾತ್‌ರೂಮಿಗೆ ಹೋಗಿ ಅತ್ತೆ.”

ಪಂಪಣ್ಣನ ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಅಂಗಿಯ ಜೊತೆ ಒಗೆಯುವ ನೀರಿಗೆ ಬಿದ್ದು, ಇಸ್ತ್ರಿಗೆ ಸಿಕ್ಕಿ ಮುದ್ದೆಯಾಗಿ ಒಣಗಿದ ಟಿಕೆಟ್ ಅಲ್ಲೇ ಇತ್ತು. ತೆಗೆದು ತೋರಿಸಿದ. “ಚೀಲ ಇರಲಿಲ್ಲ ಕೈಯಲ್ಲಿ,” ಎಂದ. “ಏನಂತ ಹೇಳ್ಕೊಂಡು ಒಳಗೆ ಬರೋದು ಅಂತ ಗೊತ್ತಾಗಲಿಲ್ಲ. ನಿಮ್ಮನ್ನ ನೋಡ್ಬೇಕು ಅಂತ ಬಂದಿದ್ದೆ. ಬೇರೇನೂ ಇರಲಿಲ್ಲ. ಪ್ರತಿ ಸಲಾನೂ ಅಷ್ಟೇ ಇದ್ದಿದ್ದು.”

ಇಷ್ಟು ಉದ್ದದ ಮಾತನ್ನು ಅವನು ಕೆಮ್ಮದೆ ಆಡಿ ವರ್ಷಗಳಾಗಿದ್ದವು. ಪಕ್ಕದ ತೊಟ್ಟಿಯಲ್ಲಿ ಸಾಹುಕಾರ ಗಾಜಿಗೆ ಮೂಗೊತ್ತಿ, ಊಟ ಯಾಕೆ ತಡವಾಯಿತೆಂದು ಆಕೆಯನ್ನೇ ದಿಟ್ಟಿಸುತ್ತಿದ್ದ. ಆಕೆ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು.

ಪಂಪಣ್ಣ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ. ಬಾಗಿಲವರೆಗೆ ಹೋಗಿ ನಿಂತ.

“ನಾಳೆ ಬರ್ತೀನಿ.”

“ಮ್ಯಾನೇಜರು ಕೇಳ್ತಾರಲ್ಲ,” ಎಂದಳು ಆಕೆ. “ಏನು ಕೆಟ್ಟಿದೆ ಅಂತ ಹೇಳಲಿ?”

“ಏನೂ ಕೆಟ್ಟಿಲ್ಲ ಅನ್ನಿ,” ಎಂದ ಪಂಪಣ್ಣ. “ಸುಮ್ಮನೆ ಬರ್ತೀನಿ.”